ನೀರಿನ ಗೆರೆ

ಮಯ್ಯದ್ದಿಯಾಕ ನನಗೆ ಡ್ರೈವಿಂಗ್ ಕಲಿಸಲು ಸುರು ಮಾಡಿದ್ದು
ಸ್ಟೇರಿಂಗಿನಿಂದ ಅಲ್ಲ.
ಮೊದಲ ದಿನ, ಬೆಳಗಿನ ಐದೂವರೆಗೆ,
ದಕ್ಕೆಯ ಹೊರಗೆ ನಿಲ್ಲಿಸಿ
ರಸ್ತೆಗೆ ಬೆರಳು ತೋರಿಸಿದರು:
ಓದು.

ಮೀನಿನ ಲಾರಿಗಳು ಆಗಷ್ಟೇ ಹೋಗಿದ್ದವು.
ಐಸು ಕರಗಿ ಸೋರಿದ ನೀರು
ಡಾಂಬರಿನ ಮೇಲೆ ಉದ್ದಕ್ಕೆ, ಕಪ್ಪಗೆ.
ಇಲ್ಲಿ ನೋಡು, ಇವ ಬ್ರೇಕು ಒತ್ತಿದ್ದು,
ಒಂದು ಬಾಲ್ದಿ ಚೆಲ್ಲಿದೆ.
ಇಲ್ಲಿ ಪುನಃ ತುಳಿದ. ಅಗೋ, ಪುನಃ ಬ್ರೇಕು.
ನೂರು ಮಾರಿಗೆ ಮೂರು ಕೊಳ.
ಡೀಸೆಲ್ಲೂ ಹೀಗೇ ಚೆಲ್ಲುವುದು,
ಅದು ಕಾಣುವುದಿಲ್ಲ, ಅಷ್ಟೆ.

ಪಕ್ಕದಲ್ಲಿ ಇನ್ನೊಂದು ಗೆರೆ
ಕಾಪಿ ಪುಸ್ತಕದ ಹಾಗೆ, ಎಲ್ಲೂ ದಪ್ಪವಾಗದೆ
ಹಂಪನಕಟ್ಟೆಯ ಕಡೆ ಹೋಗಿತ್ತು.
ಇದು ಯಾರದ್ದು, ಕೇಳಿದೆ.
ಗೊತ್ತಿಲ್ಲ, ಅಂದರು. ಮನೆ ಮುಟ್ಟುವವನದ್ದು.

ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟರೆ
ಮೊಣಕಾಲಿಗೆ ಮರದ ಸ್ಕೇಲಿನ ಪೆಟ್ಟು.
ಕದ್ರಿ ಗುಡ್ಡೆ ಇಳಿಯುವಾಗ ನ್ಯೂಟ್ರಲ್ ಹಾಕಿದ ದಿನ
ಬೈಗುಳ ಬ್ಯಾರಿಯಲ್ಲಿ ಹೊರಟು ತುಳುವಿನಲ್ಲಿ ಬಂದು ನಿಂತಿತು:
ಪೆಟ್ರೋಲು ಉಳಿಸುವುದಾ? ಗೇರಿನಲ್ಲೇ ಇಳಿ.
ಕಾಲು ತೆಗಿ, ಸಾಕು.
ಇಂಜಿನು ಹಸಿವು ಮರೆಯುತ್ತದೆ,
ಗಾಡಿಯೂ ಕೈಯಲ್ಲಿರುತ್ತದೆ.

ಬಲ್ಮಠದಿಂದಲೇ ಕಾಣುತ್ತದಲ್ಲ
ಜ್ಯೋತಿ ಸರ್ಕಲಿನ ಕೆಂಪು.
ಅದೆಂತ ನಿನ್ನ ಮಾವನಾ,
ಓಡಿ ಹೋಗಿ ಕಾಲು ಹಿಡಿಯಲಿಕ್ಕೆ?

ಲೈಸೆನ್ಸಿಗೆ ಎರಡು ದಿನ ಇರುವಾಗ
ತೊಕ್ಕೊಟ್ಟಿನಲ್ಲಿ ಚಾ ಆರಿಸುತ್ತ, ನನ್ನನ್ನು ನೋಡದೆ, ಹೇಳಿದರು:
ನನ್ನ ಗೆರೆಯೂ ಚಂದ ಇತ್ತು, ವಾರಿಜಾ.
ಮಲ್ಪೆಯಲ್ಲಿ ಹೊರಟರೆ ಮಂಗಳೂರಿನವರೆಗೆ ಕಡಿಯದ ನೂಲು.
ಕ್ಲೀನರ್ ಹುಡುಗ ಇಳಿದು ನೋಡಿ ಶೀಟಿ ಹೊಡೆಯುತ್ತಿದ್ದ.
ಕಟಪಾಡಿಯಲ್ಲಿ, ಆ ಚಂದದ ಮೇಲೆಯೇ,
ಹಿಂದಿನ ಬೈಕು ಜಾರಿತು.
ನಾನು ಬ್ರೇಕು ಒತ್ತಿರಲಿಲ್ಲ. ಸ್ಪೀಡು ನಲವತ್ತು.
ಕನ್ನಡಿ ನೋಡಿರಲಿಲ್ಲ.
ಮರುದಿನ ಯಾರೋ ಹೇಳಿದ ಮೇಲೆ ಗೊತ್ತಾಯಿತು.
ಉದ್ಯಾವರದ ಹುಡುಗ.
ಈಗ ಅಂಗಡಿ ಇಟ್ಟಿದ್ದಾನೆ, ಎಡಗಾಲು ಎಳೆಯುತ್ತಾನೆ.
ನಾನು ಅಲ್ಲಿಂದಲೇ ಬೀಡಿ ತೆಗೆದುಕೊಳ್ಳುವುದು.
ನಾನು ಯಾರೆಂದು ಅವನಿಗೆ ಹೇಳಿಲ್ಲ.

ಚಾದ ಮೇಲೆ ಕೆನೆ ಕಟ್ಟಿತ್ತು. ಊದಲಿಲ್ಲ.

ಆ ವಾರವೇ ಲಾರಿಯ ಹೊಟ್ಟೆಗೆ
ತಗಡಿನ ಟ್ಯಾಂಕಿ ಬೆಸೆಸಿದರಂತೆ, ನೀರು ಹಿಡಿಯಲಿಕ್ಕೆ.
ಸಾಹುಕಾರರು ವೆಲ್ಡಿಂಗಿನ ಹಣ ಸಂಬಳದಲ್ಲಿ ಮುರಿದರು.
ಒಳ್ಳೆಯ ಡ್ರೈವರನದ್ದು, ಅಂದರು,
ರಸ್ತೆಯಲ್ಲಿ ಎಂತದ್ದೂ ಉಳಿಯಬಾರದು.

ಈಗ ಕುಲಶೇಖರದಿಂದ ಬೆಂದೂರಿಗೆ
ಒಂಬತ್ತು ಮಕ್ಕಳು, ಒಂಬತ್ತು ಬ್ಯಾಗು.
ಕನ್ನಡಿಯ ತುಂಬ ಸಿಟಿ ಬಸ್ಸಿನ ಹಣೆ,
ಕಿವಿ ಹರಿಯುವ ಹಾರ್ನು.
ಆಂಟಿ, ಬಿಡಬೇಡಿ ಅವನನ್ನು! ಹಿಂದಿನ ಸೀಟಿನ ರೆನಿಟಾ.
ಬಿಡುತ್ತೇನೆ. ಎಡಕ್ಕೆ ಸರಿದು, ಕೈ ಬೀಸಿ.
ಅವರಿಗೆ ಟೈಮಿಂಗ್ ಉಂಟು,
ನನಗೆ ಒಂಬತ್ತು ಮನೆಯ ಗೇಟು.

ನಿನ್ನೆ ಮಕ್ಕಳನ್ನು ಇಳಿಸಿ ನೋಡಿದರೆ
ಎಲ್‌ಕೆಜಿಯ ಪ್ರಣೀಲನ ಬಾಟಲಿ ಮುಚ್ಚಳ ಸಡಿಲ.
ಸೀಟಿನ ಕೆಳಗೆ ನೀರು.
ಬಾಗಿ ಕೂತು ಓದಿದೆ,
ಹಿಂದಿನ ವಾಹನದವರು ಹಾರ್ನು ಹೊಡೆದರೂ.
ಚಿಮ್ಮಿರಲಿಲ್ಲ. ನನ್ನ ಚಪ್ಪಲಿಯವರೆಗೂ ಬಂದಿರಲಿಲ್ಲ.
ಮಧ್ಯದಲ್ಲಿ ಒಂದೇ ಒಂದು ಕೊಂಕು:
ಹೌದು, ಮಲ್ಲಿಕಟ್ಟೆಯಲ್ಲಿ ನಾಯಿಮರಿ.

ಫೋನು ಮಾಡಿ ಹೇಳಿದೆ.
ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು.
ಆಮೇಲೆ: ಒರೆಸಿದೆಯಾ?
ಮಕ್ಕಳು ಜಾರುತ್ತಾರೆ.