ತಕರಾರು ಇದ್ದರೆ

ಧಾರವಾಡ ಕೋರ್ಟಿನ ರೆಕಾರ್ಡ್ ಖೋಲಿಯೊಳಗ
ನಾಶ ಮಾಡೋ ಕಾಗದಗಳ ಯಾದಿ ಬರಿಯೋದು ನನ್ನ ಕೆಲಸ.
ಕೆಂಪು ಅರಿವಿ ಬಿಚ್ಚಿದರ ಮೊದಲು ಬರೋದು ಸೀನು,
ಆಮ್ಯಾಲೆ ಮಂದಿ.

ಇದು ಜ್ಯೂರಿ ಇದ್ದ ಕಾಲದ್ದು.
ಗದಗಿನ ಅರಳಿ ಗೋದಾಮಿಗೆ ಬೆಂಕಿ,
ಒಳಗ ಮಲಗಿದ್ದ ಕಾವಲುಗಾರ ಒಬ್ಬ.
ಆರೋಪಿಗಳು ಆರು. ಕಟಕಟೆ ಮೂರಾಳಿನದು.
ಅದಕ್ಕ ಗಳ ಕಟ್ಟಿ ಉದ್ದ ಮಾಡಿದ ಬಡಿಗ್ಯಾನ ಕೂಲಿ
ಬ್ಯಾರೆ ಚೀಟಿಯೊಳಗ ಐತಿ.

ತಗಡಿನ ಡಬ್ಬಿ, ಮಡಚಿದ ಹೆಸರು.
ಒಂದೊಂದ ಎತ್ತಿ ಕೂಗಬೇಕು, ಕೂಗಿದಾತ ಬಂದು ನಿಲ್ಲಬೇಕು,
ಆರೂ ಮಂದಿಗೆ ಸಾಲಾಗಿ ಕೇಳಬೇಕು:
ಈತ ಕೂಡ್ರೂದಕ್ಕ ನಿನ್ನ ತಕರಾರು ಐತೇನು?

ಶಿವಬಸಪ್ಪ ಮಟ್ಟಿ, ಕಾಳಿನ ವ್ಯಾಪಾರ.
ಒಂದನೆಯವ ಅಂದ, ಐತಿ. ಗೋದಾಮಿನ ಸಾವಕಾರಗ ಬೀಗ.
ಖಾಜೇಸಾಬ ಅತ್ತಾರ, ಊದಿನಕಡ್ಡಿ ಅಂಗಡಿ.
ಎರಡನೆಯವ ಅಂದ, ಐತಿ. ಅವಂದು ನನ್ನ ಕಡೆ ಬಾಕಿ ಐತಿ.
ಅತ್ತಾರ ಕೈ ಮುಗದನಂತ:
ಕೋರ್ಟಿನಾಗರ ಒಪ್ಪಿದೆಲ್ಲೋ ಮಾರಾಯ.
ನಿರಂಜನಯ್ಯ, ಮಠದ ಹೊಲ ನೋಡಾವ.
ನಾಲ್ಕನೆಯವನ ವಕೀಲ ಎದ್ದ:
ಪ್ರಪಂಚ ಬಿಟ್ಟಾವ ಜ್ಯೂರಿಗೆ ಬರೂದಿಲ್ಲ, ಕಾಯ್ದೆದಾಗ ಐತಿ.
ಅಯ್ಯಾರು ಚೀಲದಿಂದ ಲಾವಣಿ ಲೆಕ್ಕದ ಪುಸ್ತಕ ತಗದು ತೋರಿಸಿದರು.
ಕೂಡ್ರಿಸಿದರು.
ಬೆಟಗೇರಿಯ ನೇಕಾರ ತಿಪ್ಪಣ್ಣಗ ಅರವತ್ತೊಂದು,
ಒಂದ ವರ್ಷ ಜಾಸ್ತಿ.
ರೈಲಿನ ಖರ್ಚು ಕೇಳಿದ್ದು ಬರದಾರ,
ಕೊಟ್ಟದ್ದು ಬರದಿಲ್ಲ.

ಆರನೆಯವನ ಹೆಸರು ಹೊನ್ನಕೇರಪ್ಪ.
ವಯಸ್ಸು ಸುಮಾರು ಹತ್ತೊಂಬತ್ತು. ವಕೀಲ ಇಲ್ಲ.
ಅವನ ಪಾಳಿ ಬರೂದರಾಗ
ಎದುರಿಗಿನ ಮನಷ್ಯಾ ಇಳಿದು ಹೋಗಿರತಿದ್ದ,
ಇಲ್ಲಾ ಎಲ್ಲಾರೂ ಒಪ್ಪಿ ಮುಗಿದಿರತಿತ್ತು.

ಐದು ಮಂದಿ ಕುಂತರು. ಸಾಹೇಬ ಪೆನ್ನು ಇಟ್ಟ.
ಆಗ ಹುಡುಗ ಕೈ ಎತ್ತಿ ಅಂದದ್ದನ್ನ
ಶಿರಸ್ತೇದಾರ ಇಂಗ್ಲಿಷ್ ಮಾಡಿಲ್ಲ,
ಅವಸರದಾಗ ಹಂಗ ಇಳಿಸಿಬಿಟ್ಟಾನ:

ಅಲ್ಲಿ ಕುಂತವರ ಮ್ಯಾಲೆ ನಂದೇನಿಲ್ಲರೀ.
ಇಲ್ಲಿ ಬಾಜೂಕ ನಿಂತವರ ಮ್ಯಾಲೆ ಐತಿ.
ಈ ಐದು ಮಂದಿನ್ನ ನಾ ಆರಿಸಿಲ್ಲ.

ಕೆಳಗ ಒಂದ ಶಬ್ದ, ನಾಮಂಜೂರು.
ಅಂಚಿನೊಳಗ ಬ್ಯಾರೆ ಶಾಯಿ: ಮಂದಿ ನಕ್ಕರು.
ಅದನ್ನ ಯಾರೋ ಹೊಡದು ಹಾಕ್ಯಾರ,
ಎರಡ ಸಲ.

ತೀರ್ಪು ಈ ಗಂಟಿನಾಗಿಲ್ಲ.
ಅದರ ನಂಬರು ನನಗ ಗೊತ್ತು, ಎರಡ ಕಪಾಟು ಆಚೆ,
ಸ್ಟೂಲು ಹತ್ತಿದರ ಕೈಗೆ ಸಿಗತೈತಿ.
ಊಟದ ಡಬ್ಬಿ ಬಿಚ್ಚಿಲ್ಲ. ಸ್ಟೂಲೂ ಹತ್ತಿಲ್ಲ.

ನನ್ನ ಯಾದಿಯ ಕಡೀ ಖಾನೆಯ ತಲಿಮ್ಯಾಲೆ ಛಾಪಿಸ್ಯಾರ:
ನಾಶಕ್ಕೆ ತಕರಾರು ಇದ್ದರೆ.
ಹದಿನೇಳು ವರ್ಷ ಅಲ್ಲೊಂದು ಅಡ್ಡಗೀಟು ಎಳದೇನಿ.
ಹೊರಗ ಪಟ್ಟೇವಾಲಾ
ಯಾರದೋ ಹೆಸರು ಕೂಗಾಕತ್ಯಾನ,
ಒಂದ ಸಲ,
ಎರಡ ಸಲ.