ಯ ಒತ್ತು

ಬೆಂಗ್ರೆಯ ಶಾಲೆ. ನಾಲ್ಕನೆಯ ತರಗತಿ,
ಊಟದ ನಂತರದ ಕನ್ನಡ ಪಿರಿಯಡ್ಡು.
ಪಾಠಯೋಜನೆಯಲ್ಲಿ ನಾನೇ ಬರೆದದ್ದು:
ಕಲಿಕಾಫಲ, ಮಾನವ ಹಕ್ಕುಗಳ ಪರಿಚಯ.
ಸಮಯ, ನಲವತ್ತು ನಿಮಿಷ.

ಹಕ್ಕು ಎಂದು ಬೋರ್ಡಿನಲ್ಲಿ ಬರೆದೆ, ಒರೆಸಿದೆ.
ಕಿಟಕಿಯಾಚೆ ಮೀನು ಒಣಗುತ್ತಿತ್ತು, ಕಾಗೆ ಕಾಯುತ್ತಿತ್ತು.
ಕತೆ ಹೇಳ್ತೇನೆ, ಅಂದೆ.
ಬೆಂಚುಗಳು ಕಿರುಗುಟ್ಟಿ ಹತ್ತಿರ ಸರಿದವು.

ಒಂದು ಹೊಳೆ. ಒಂದು ದೋಣಿ.
ದೋಣಿಯವನ ಕೈಯಲ್ಲೊಂದು ದಪ್ಪ ಪುಸ್ತಕ,
ಅದರಲ್ಲಿ ಇದ್ದವರಿಗೆ ಮಾತ್ರ ಆಚೆ ದಡ.
ಒಬ್ಬಳು ಹುಡುಗಿ ನಿಂತಿದ್ದಾಳೆ, ಬಟ್ಟೆ ಕಟ್ಟಿದ ಬುತ್ತಿ ಹಿಡಿದು;
ಆಚೆ ಅವಳಮ್ಮ, ಮೂರು ದಿನದ ಜ್ವರ.
ಪುಟ ತಿರುವಿದ. ತಲೆಯಾಡಿಸಿದ.
ಹಗ್ಗ ಬಿಚ್ಚಿ ಹೋದ.

ಇಲ್ಲಿಗೆ ನಿಲ್ಲಿಸಿದೆ, ಬೇಕೆಂದೇ.

'ಈಜಲಿ' ಎಂದ ಪ್ರಖ್ಯಾತ್ ಕರ್ಕೇರ,
ಈಜು ಬಲ್ಲವನ ಉದಾಸೀನದಲ್ಲಿ.
'ಬುತ್ತಿ ಚಂಡಿ ಆಗ್ತದಲ್ಲ ಮಾರಾಯ' ಎಂದಳು ಮಿಸ್ರಿಯಾ.
ಫೆರಿ ಓಡಿಸುವವರ ಮಗ ಸುಹೈಲ್ ಎದ್ದು ನಿಂತ, ಕಿವಿ ಕೆಂಪು:
'ಸುಳ್ಳು ಕತೆ ಟೀಚರ್. ನನ್ನ ಉಪ್ಪ ಹಾಗೆ ಬಿಟ್ಟು ಬರುವುದಿಲ್ಲ.
ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಅಂತಾರೆ.'
ಹೌದು, ಸುಳ್ಳೇ. ಕತೆ ಅಲ್ಲವಾ.
'ಹಾಗಾದ್ರೆ ಬದಲಾಯಿಸಿ.'

ಆಗ ಕೊನೆಯ ಬೆಂಚಿನಿಂದ,
ಜೂನಿನಿಂದ ತುಟಿ ಬಿಚ್ಚದವಳು,
ಹಾಜರಿ ಕರೆದರೆ ಬರೀ ಕೈ ಎತ್ತುವವಳು,
ಧಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವ ಕೊಪ್ಪಳದವರ ಮಗಳು:
'ಆಕೀ ಹೆಸರು ಏನಂತ ಅಂವ ಕೇಳೇ ಇಲ್ಲಲ್ರೀ.
ಪುಸ್ತಕ ನೋಡ್ಯಾನ. ಆಕೀನ್ನ ನೋಡಿಲ್ಲ.'

ಕತೆ ಕಟ್ಟಿದ ನನಗೂ ಅದು ಹೊಳೆದಿರಲಿಲ್ಲ.

ಆಮೇಲೆ ಗದ್ದಲವೋ ಗದ್ದಲ.
ಆ ಹುಡುಗಿಗೆ ಹೆಸರಿಡಲು ತುಳುವಿನಲ್ಲಿ, ಬ್ಯಾರಿಯಲ್ಲಿ ಜಗಳ.
ಗೆದ್ದ ಹೆಸರು ಯಾವುದೆಂದು ನಾನು ಹೇಳುವುದಿಲ್ಲ,
ಅದು ಅವರದ್ದು.
ದೋಣಿ ತಿರುಗಿ ಬಂತೋ ಇಲ್ಲವೋ, ಅದೂ ಇನ್ನೂ ತೀರ್ಮಾನವಾಗಿಲ್ಲ.

ಬೆಲ್ಲು ಹೊಡೆಯಿತು.
ಮೇಜಿನ ಮೇಲಿಂದ ಹಾಜರಿ ಪುಸ್ತಕ ಎತ್ತಿಕೊಂಡೆ. ದಪ್ಪ ರಟ್ಟಿನದು.
ಮೂವತ್ತೊಂದು ಹೆಸರು ನೀಲಿ ಶಾಯಿಯಲ್ಲಿ.
ಮೂವತ್ತೆರಡನೆಯದು ಪೆನ್ಸಿಲಿನಲ್ಲಿ;
ಟೀಸಿ ಬರಲಿ, ಆಮೇಲೆ ನೋಡುವ ಎಂದು
ನಾನೇ ಬರೆದದ್ದು, ಒತ್ತದೆ,
ಒರೆಸಲು ಸುಲಭವಾಗಲೆಂದು:
ದೇವಮ್ಮ.

ಹೆಡ್‌ಮಾಸ್ಟ್ರಿಗೆ ಏನು ಹೇಳುವುದೋ ಗೊತ್ತಿಲ್ಲ.
ಪೆನ್ನಿನ ಮುಚ್ಚಳ ತೆಗೆದು, ಅವಳನ್ನು ಹತ್ತಿರ ಕರೆದು
ಕೇಳಿದೆ, ನಿನ್ನ ಹೆಸರು?

'ದ್ಯಾಮವ್ವ' ಎಂದಳು. ನಾನು ಬರೆಯುವುದನ್ನೇ ನೋಡುತ್ತ,
'ದಕ್ಕ ಯ ಒತ್ತು ಐತ್ರೀ.'