ಕೆಂಪು: ಸೊನ್ನೆ

ಸೋಮ, ಮಂಗಳ, ಬುಧ
ಕಾರ್ಡಿಫ್ ಬಂದರಿನ ಬೆನ್ನಿಗಿರುವ ದವಾಖಾನೆ.
ತಲೆಗೆ ಹತ್ತು ನಿಮಿಷ.
ಕೆಮ್ಮು, ಬಸುರಿ, ಕೆಲಸ ಹೋಗಿ ನಿದ್ದೆ ಬಾರದ ಕ್ರೇನಿನವನು.
ಎಲ್ಲ ಮುಗಿದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು,
'ಅಂದಹಾಗೆ ಡಾಕ್ಟರ್, ಈ ತುರಿಕೆ...'
ಚರ್ಮ ಬಾಯಿಬಿಡುವುದು ಯಾವಾಗಲೂ ಕೊನೆಗೇ.

ಗುರುವಾರ, ಶುಕ್ರವಾರ ವಿಶ್ವವಿದ್ಯಾಲಯದ ಮೂರನೇ ಮಹಡಿ.
ಅಲ್ಲಿ ಅದೇ ಚರ್ಮ ಬರಿಯ ಅಂಕಿ:
ಒಣಗಿದ್ದೆಷ್ಟು, ದಪ್ಪಗಟ್ಟಿದ್ದೆಷ್ಟು, ಕೆಂಪೆಷ್ಟು,
ಸೊನ್ನೆಯಿಂದ ಮೂರರವರೆಗೆ.
ಕುರಿಯ ಹುಣ್ಣಿನ ಮೇಲೆ ಕಾಗೆ ಬಂದು ಕೂರುವುದನ್ನು
ಅಪ್ಪನ ಗುಡ್ಡದಲ್ಲಿ ಕಂಡು ಬೆಳೆದವಳು ನಾನು.
ಗುರುವಾರಗಳಂದು ನಾನು ಯಾರೆಂದು ಅನುಮಾನ.

ಇದಿಲ್ ಮಗನನ್ನು ಕರೆತಂದಳು. ವರ್ಸಾಮೆ, ನಾಲ್ಕು ವರ್ಷ.
ಮೊಣಕಾಲ ಹಿಂದೆ ಹಲಗೆಗಟ್ಟಿದ ಇಸುಬು.
ಹಾಳೆಯ ಮೇಲೆ ನನ್ನದೇ ಕೈಬರಹ, ಮೂರು ತಿಂಗಳ ಹಿಂದಿನದು:
ಕೆಂಪು, ಸೊನ್ನೆ. ರೋಗ, ಅಲ್ಪ.

'ರಾತ್ರಿ ಕೈಗೆ ಕಾಲುಚೀಲ ಹಾಕಿ ಮಲಗಿಸುತ್ತೇನೆ,' ಎಂದಳು,
'ಬೆಳಗ್ಗೆ ಕಾಲುಚೀಲದಲ್ಲೂ ರಕ್ತ.
ನಮ್ಮ ಮೈ ನಿಮ್ಮ ಮೈಯ ಹಾಗೆ ಕೂಗಿಕೊಳ್ಳೋದಿಲ್ಲ.
ನೇರಳೆಗೆ ತಿರುಗುತ್ತೆ. ಆಮೇಲೆ ಬೂದಿ.
ನೋಡಬೇಡಿ ಡಾಕ್ಟರ್. ಮುಟ್ಟಿ.'

ಮುಟ್ಟಿದೆ. ಹಸ್ತದ ಹಿಂಬದಿಗೆ
ಈಗಷ್ಟೇ ಇಸ್ತ್ರಿಯಾದ ಬಟ್ಟೆಯ ಬಿಸಿ.
ಹುಡುಗ ಕಿಲಕಿಲ ನಕ್ಕ: ನನ್ನ ಕೈ ತಣ್ಣಗಿತ್ತಂತೆ.

ಮುಲಾಮು ಬರೆದುಕೊಟ್ಟೆ, ಬೆರಳ ತುದಿಯಷ್ಟು ಹಿಂಡಿ ತೋರಿಸಿ.
ಮುಂದಿನವರನ್ನು ಹನ್ನೊಂದು ನಿಮಿಷ ತಡವಾಗಿ ಕರೆದೆ.

ಗುರುವಾರ ಆ ಪಟ್ಟಿ ತೆರೆದು ಸೊನ್ನೆಗಳನ್ನಷ್ಟೇ ಸೋಸಿದೆ.
ನಾನ್ನೂರ ಹನ್ನೆರಡು ಮಕ್ಕಳಲ್ಲಿ ಅರವತ್ತೇಳು.
ಹೆಸರಿಲ್ಲ, ಸಂಖ್ಯೆ ಮಾತ್ರ.
ಯಾರ ಮೈಬಣ್ಣವನ್ನೂ ಯಾರೂ ಕೇಳಿಯೇ ಇರಲಿಲ್ಲ,
ನಾನೂ.

ಪ್ರೊಫೆಸರ್ ಪೆನ್ರಿ ಕನ್ನಡಕ ಒರೆಸಿದರು:
'ಅಳತೆಗೋಲು ಬದಲಿಸಲು ಹೊಸ ಅನುದಾನ ಬೇಕು, ನೆರಿಸ್.
ಮೂರು ವರ್ಷದ ಮಾತು. ನಿನಗಿರುವುದು ಹದಿನಾಲ್ಕು ತಿಂಗಳು.'
ಸರಿ, ಎಂದೆ.
ಸರಿಯಲ್ಲ ಎಂಬುದೂ ಅದೇ ಧ್ವನಿಯಲ್ಲಿತ್ತು.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಮುಟ್ಟಿದರೆ ಬಿಸಿ.
ಅದಕ್ಕೆ ಅಂಕವಿಲ್ಲ.

ರಾತ್ರಿ ಪಾತ್ರೆ ತೊಳೆಯುತ್ತ ನೋಡಿಕೊಂಡೆ:
ದಿನಕ್ಕೆ ನಲವತ್ತು ಸಲ ಸೋಪು ಕಂಡ ನನ್ನ ಬೆರಳ ಗೆಣ್ಣು
ಬಿರಿದಿದೆ.
ನೋವು ಇನ್ನೂ ಶುರುವಾಗಿಲ್ಲ.
ಆಗಲೇ, ಯಾರೂ ಕೇಳದೆ,
ಎರಡು ಅಂಕ ಬರುವಷ್ಟು ಕೆಂಪು.